ಹಾನಗಲ್ಲಿನ ಅಧಿಕೃತ ಪ್ರವೇಶ

ಮಳೆಗಾಲ ಮುಗಿದು ದಸರೆ ಸಮೀಪಿಸುವ ಹೊತ್ತಿಗೆ ಪತ್ರಿಕೆಯ ಒಳಪುಟದಲ್ಲಿ ಪ್ರತಿವರ್ಷ ಒಂದು ಸಣ್ಣ ಸುದ್ದಿ ಬರುತ್ತದೆ. ನೀವೂ ನೋಡಿರುತ್ತೀರಿ. ಈ ಸಲ ಆಸ್ಕರ್ ಪ್ರಶಸ್ತಿಗೆ ನಮ್ಮ ದೇಶದ ಅಧಿಕೃತ ಪ್ರವೇಶವಾಗಿ ಇಂಥ ಸಿನಿಮಾ ಆಯ್ಕೆಯಾಗಿದೆ ಎಂಬ ಸುದ್ದಿ. ಪಕ್ಕದಲ್ಲಿ ಆ ಬಂಗಾರ ಬಣ್ಣದ ಗೊಂಬೆಯ ಚಿತ್ರ. ನಾನು ಈ ವರ್ಷ ಪಾಠ ಹೇಳಲು ಸೇರಿದ ಕಾಲೇಜಿನ ಸ್ಟಾಫ್ ರೂಮಿನಲ್ಲಿ ಈ ಸುದ್ದಿಯ ಆಯುಷ್ಯ ಒಂದು ಕಪ್ ಚಹಾದಷ್ಟಾಯಿತು. ಒಬ್ಬರು “ಇದನ್ಯಾಕ ಕಳಿಸಿದ್ರು?” ಎಂದರು. ಇನ್ನೊಬ್ಬರು “ಅದನ್ಯಾಕ ಬಿಟ್ರು?” ಎಂದರು. ಇಬ್ಬರೂ ಎರಡನ್ನೂ ನೋಡಿರಲಿಲ್ಲ. ಅಷ್ಟರಲ್ಲಿ ಕಪ್ ಖಾಲಿಯಾಯಿತು, ಗಂಟೆ ಹೊಡೆಯಿತು. ನಾನು ಪತ್ರಿಕೆಯನ್ನು ಮಡಿಸಿಟ್ಟೆ. ಒಳಗೊಳಗೇ ಕಳವಳ ಶುರುವಾಗಿತ್ತು. ಏಕೆಂದರೆ ನಮ್ಮ ಕುಟುಂಬದಲ್ಲಿ ಆ ಸುದ್ದಿಗೆ ಒಂದೇ ಅರ್ಥ: ನಾವೂ ಇನ್ನು ನಮ್ಮ ಸಿನಿಮಾ ಆರಿಸಬೇಕು.

ನಮ್ಮದು ನಾಲ್ಕು ಮನೆಗಳ ಕುಟುಂಬ. ಹಾನಗಲ್ಲಿನಲ್ಲಿ ಅಪ್ಪ, ಅವ್ವ, ನಾನು. ಶಿಗ್ಗಾಂವದಲ್ಲಿ ಅವ್ವನ ಅಕ್ಕ, ನನ್ನ ದೊಡ್ಡವ್ವ. ಹಿರೇಕೆರೂರಿನಲ್ಲಿ ಅವ್ವನ ತಂಗಿ, ಚಿಗವ್ವ. ಸವಣೂರಿನಲ್ಲಿ ಇವರೆಲ್ಲರ ಒಬ್ಬನೇ ಅಣ್ಣ, ಖಾರದ ಅಂಗಡಿಯ ಮಾಮಾ. ಅವ್ವನೂ ಸೇರಿ ಈ ನಾಲ್ವರು ಒಡಹುಟ್ಟಿದವರ ತಾಯಿ ನನ್ನ ಆಯಿ. ನಾಲ್ಕು ಮನೆಗಳೂ ದಸರೆಗೆ ಒಂದು ಕಡೆ ಸೇರುತ್ತವೆ. ಬರುವಾಗ ಒಂದೊಂದು ಮನೆಯೂ ಒಂದೊಂದು ಪರಭಾಷೆಯ ಸಿನಿಮಾ ತರಬೇಕು. ತೀರ್ಪುಗಾರಳು ಆಯಿ. ಪ್ರಶಸ್ತಿ, ಆಯಿಯ ಹಿತ್ತಾಳೆ ಕುಟ್ಟಾಣಿ.

ಕುಟ್ಟಾಣಿ ಅಂದರೆ ಹಲ್ಲಿಲ್ಲದವರು ಎಲೆ ಅಡಿಕೆ ಕುಟ್ಟಿಕೊಳ್ಳುವ ಪುಟ್ಟ ಒರಳು. ನಮ್ಮ ಆಯಿಯದು ಮುಷ್ಟಿಯಲ್ಲಿ ಹಿಡಿಯುವಷ್ಟು ಸಣ್ಣದು, ನಡು ಸಪೂರ, ಬಾಯಿ ಅಗಲ. ಅದರೊಳಗೆ ನಿಲ್ಲುವ, ಕುಟ್ಟುವ ಪುಟ್ಟ ಹಾರೆಗೆ ದುಂಡನೆಯ ತಲೆ. ಕೈ ತಾಗಿ ತಾಗಿ ಆ ತಲೆ ಥಳಥಳ ಹೊಳೆಯುತ್ತದೆ. ದೂರದಿಂದ ನೋಡಿದರೆ ಬೋಳುತಲೆಯ ಯಾರೋ ಬಂಗಾರದ ಮೈಯವರು ಪೀಠದ ಮೇಲೆ ನೆಟ್ಟಗೆ ನಿಂತ ಹಾಗೆಯೇ. ಈ ಹೋಲಿಕೆ ಮೊದಲು ಕಂಡದ್ದು ಆಯಿಗೆ.

ನಾನಾಗ ಹೈಸ್ಕೂಲಿನಲ್ಲಿದ್ದೆ. ಆಯಿ ಯಾರ ಮನೆಯಲ್ಲಿರಬೇಕು ಎಂಬ ಜಗಳ ಆಗಲೇ ನಮ್ಮಲ್ಲಿ ಹಳೆಯದಾಗಿತ್ತು. ಬೇರೆ ಕಡೆ ತಾಯಿಯನ್ನು ಯಾರು ನೋಡಿಕೊಳ್ಳಬೇಕು ಎಂದು ಜಗಳವಾಗುತ್ತದಂತೆ. ನಮ್ಮಲ್ಲಿ ತನ್ನನ್ನು ಬಿಟ್ಟು ಇನ್ಯಾರೂ ನೋಡಿಕೊಳ್ಳಬಾರದು ಎಂದು ಆಗುತ್ತಿತ್ತು. ಆ ದಸರೆಯಲ್ಲಿ ಎಲ್ಲರೂ ಸವಣೂರಿನ ಪಡಸಾಲೆಯಲ್ಲಿ ಕುಳಿತಿದ್ದೆವು. ನಡುವೆ ಒಂದು ಬುಟ್ಟಿ ಚುರುಮುರಿ.

“ಮಗ ಅನ್ನಾಂವ ನಾ ಒಬ್ಬಾಂವ ಇರಬೇಕಾದ್ರ ಅವ್ವ ಬ್ಯಾರೆ ಕಡೆ ಯಾಕ ಇರಬೇಕು?” ಎಂದರು ಮಾಮಾ.

“ಹಂಗಾರ ನಾವೇನು ಬಾಡಿಗಿ ಮಕ್ಕಳೇನು?” ಎಂದಳು ದೊಡ್ಡವ್ವ.

ಮಾಮಾ ಸೋಲುವ ಸೂಚನೆ ಕಂಡಾಗ ಪತ್ರಿಕೆಯೊಳಗೆ ಹೊಕ್ಕುಬಿಡುತ್ತಾರೆ. ಅಂದೂ ಹೊಕ್ಕರು. ಮಾತು ಬದಲಿಸಲು ಒಳಪುಟದ ಸುದ್ದಿಯನ್ನೇ ಜೋರಾಗಿ ಓದಿದರು. “ನೋಡ್ರಿಲ್ಲೆ, ದೇಶದ ಹೆಸರಿನ್ಯಾಗ ಎಂಥಾ ಸಿನಿಮಾ ಕಳಿಸ್ಯಾರ! ಈ ಕಮಿಟಿಯವರಿಗೆ ಒಂದೀಟೂ ತಿಳಿಯಂಗಿಲ್ಲ.”

ಎಲೆ ಕುಟ್ಟುತ್ತಿದ್ದ ಆಯಿ ಕೈ ನಿಲ್ಲಿಸಿದಳು. “ಎಲ್ಲಿಗೆ ಕಳಸ್ತಾರ?”

ಮಾಮಾ ವಿವರಿಸಿದರು. ಪ್ರತಿ ದೇಶವೂ ತನ್ನ ಭಾಷೆಯ ಒಂದೇ ಒಂದು ಸಿನಿಮಾ ಕಳಿಸಬೇಕು. ಅಲ್ಲಿ ಕುಳಿತವರಿಗೆ ಆ ಭಾಷೆ ಬರುವುದಿಲ್ಲ. ಆದರೂ ನೋಡಿ, ಚೆನ್ನಾಗಿದೆ ಅನಿಸಿದ್ದಕ್ಕೆ ಈ ಗೊಂಬೆ ಕೊಡುತ್ತಾರೆ.

“ಅಂದ್ರ ಮನಿಗೊಂದು.”

“ಮನಿಗಲ್ಲ ಯವ್ವಾ, ದೇಶಕ್ಕೊಂದು.”

“ಅದ ಮತ್ತ,” ಎಂದು ಆಯಿ ಪತ್ರಿಕೆ ತೆಗೆದುಕೊಂಡು ಗೊಂಬೆಯ ಚಿತ್ರವನ್ನು ಕಣ್ಣಿನ ಹತ್ತಿರ ಹಿಡಿದಳು. “ಅಯ್ಯ, ಮೈಮ್ಯಾಲೆ ಅರಿಬಿ ಇಲ್ಲಲ್ಲೋ! ಗೆದ್ದಾಂವ ಇದನ್ನ ಮನ್ಯಾಗ ಎಲ್ಲಿ ಇಡತಾನ, ದೇವರ ಜಗಲಿ ಮ್ಯಾಲೇನು?” ಎಂದವಳು ಚಿತ್ರದ ಪಕ್ಕದಲ್ಲಿ ತನ್ನ ಕುಟ್ಟಾಣಿಯನ್ನು ನಿಲ್ಲಿಸಿದಳು. ಎರಡನ್ನೂ ನೋಡಿದಳು. “ಇದು ಚೊಲೊ ಐತಿ. ಮುಂದಿನ ದಸರಿಗೆ ನಾಕೂ ಮನಿಯವರು ಒಂದೊಂದು ಸಿನಿಮಾ ತರ್ರಿ, ನನಗ ತಿಳೀಲಾರದ ಭಾಷೇದು. ಚೊಲೊ ಅನ್ನಿಸಿದ್ದಕ್ಕ ಈ ಕುಟ್ಟಾಣಿ. ಕುಟ್ಟಾಣಿ ಎಲ್ಲೆ ಇರತೈತೋ ಆ ವರ್ಷಪೂರ್ತಿ ನಾ ಅಲ್ಲೆ.”

ಎಲ್ಲರೂ ನಕ್ಕರು. ಆಯಿ ನಗಲಿಲ್ಲ. ಬಾಯಲ್ಲಿ ಹಲ್ಲಿಲ್ಲದ, ಎಲೆಯಿಲ್ಲದೆ ಹೊತ್ತು ಹೋಗದ ಮುದುಕಿ ಕುಟ್ಟಾಣಿ ಬಿಟ್ಟು ಇರಲಾರಳು ಎಂಬುದು ಎಲ್ಲರಿಗೂ ಗೊತ್ತಿತ್ತು. ನಗು ನಿಂತ ಮೇಲೆ ನಾಲ್ಕೂ ಮನೆಯವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಎಲ್ಲರೂ ಲೆಕ್ಕ ಹಾಕುತ್ತಿದ್ದುದು ಕಾಣುತ್ತಿತ್ತು.

ಮೊದಲ ವರ್ಷವೇ ಎರಡು ಸಿನಿಮಾ ಅನರ್ಹವಾದವು. ಮಾಮಾ ಹಿಂದಿಯದೊಂದು ತಂದಿದ್ದರು. ಆದರೆ ಆಯಿ ಸವಣೂರಿನಲ್ಲಿ ಬಾಳಿದವಳು, ಗೋಡೆಗೆ ಗೋಡೆ ಹಚ್ಚಿದ ಮನೆಯವರೆಲ್ಲ ಉರ್ದು ಮಾತಾಡುವವರು. ಸಿನಿಮಾದ ನವಾಬ ಬಾಯಿ ತೆರೆದ ಕೂಡಲೇ, “ಇಂವಾ ತಪ್ಪು ಮಾತಾಡ್ತಾನ, ಇವಂಗಿಂತ ನಮ್ಮ ಬಾಜೂ ಮನಿ ಬೀಬಿ ಚೊಲೊ ಮಾತಾಡ್ತಾಳ” ಎಂದಳು. ತಿಳಿಯುವ ಭಾಷೆ ಪರಭಾಷೆ ಹೇಗಾದೀತು? ಮರುವರ್ಷ ಮರಾಠಿಯೂ ಹೀಗೆಯೇ ಬಿತ್ತು, ಅದು ಆಯಿಯ ತವರಿನ ಕಡೆ ಓಡಾಡುವ ಮಾತು. ಮೊದಲ ವರ್ಷ ಚಿಗವ್ವ ಹಿರೇಕೆರೂರಿನಿಂದ ತಂದದ್ದು ಕನ್ನಡಕ್ಕೆ ಡಬ್ ಆದದ್ದು. ಆಯಿಗೆ ತಿಳಿಯಲಿ ಎಂಬ ಒಳ್ಳೆಯ ಮನಸ್ಸು ಅವಳದು. ಆಯಿ ತುಸು ಹೊತ್ತು ನೋಡಿ, “ಇವರ ತುಟಿ ಒಂದು ಹೇಳತಾವ, ಮಾತು ಒಂದು ಹೇಳತೈತಿ. ಮೋಸ ಐತಿ ಇದರಾಗ. ಬಂದ್ ಮಾಡ್ರಿ” ಎಂದಳು. ಆಯಿ ತೆರೆಯ ಮೇಲೆ ನೋಡುವುದು ತುಟಿಗಳನ್ನು ಎಂದು ನನಗೆ ಗೊತ್ತಾದದ್ದು ಅಂದು. ಆ ಪಾಠವನ್ನು ನಾನು ನೆನಪಿಟ್ಟುಕೊಳ್ಳಬೇಕಿತ್ತು.

ಹೀಗಾಗಿ ನಮ್ಮ ಸೋದರಮಾವ, ನಮ್ಮ ಚಿಗವ್ವ, ನಮ್ಮ ಅಪ್ಪ ಎಲ್ಲರೂ ಜಪಾನು, ಇರಾನು, ಟರ್ಕಿಗಳ ಸಿನಿಮಾಗಳನ್ನು ಹುಡುಕುವ ಪರಿಸ್ಥಿತಿ ಬಂತು. ಖಾರ ಕಟ್ಟುತ್ತ ಕಟ್ಟುತ್ತ ಮಾಮಾ ಗಿರಾಕಿಗಳನ್ನು, “ನಿಮ್ಮ ಹುಡುಗನ ಕಡೆ ಇರಾನಿನ ಸಿನಿಮಾ ಇದ್ರ ಹೇಳ್ರಿ” ಎಂದು ಕೇಳುವುದನ್ನು ನಾನೇ ಕಂಡಿದ್ದೇನೆ. ಸಿನಿಮಾ ಸಿಕ್ಕರೂ ಅದರ ಕೆಳಗೆ ಬರುವುದು ಇಂಗ್ಲಿಷ್ ಅಕ್ಷರ. ಅದನ್ನು ಓದಿ ಕನ್ನಡದಲ್ಲಿ ಹೇಳಲು ಒಬ್ಬರು ಬೇಕು. ಹಾಗೆ ನನ್ನ ನೇಮಕವಾಯಿತು. ಯಾರೂ ನನ್ನನ್ನು ಕೇಳಲಿಲ್ಲ. ಆಯಿ ತನ್ನ ಪಕ್ಕದ ಜಾಗವನ್ನು ಕೈಯಿಂದ ತಟ್ಟಿ, “ಕೂಸ, ನನ್ನ ಕಿವಿ ಹತ್ರ ಕುಂಡ್ರು” ಎಂದಳು.

ನನ್ನದು ಸಣ್ಣ ದನಿ. ಒಂದು ಕಿವಿಯಷ್ಟು ದೂರಕ್ಕೆ ಸರಿಯಾಗಿ ಹೇಳಿ ಮಾಡಿಸಿದ್ದು. ಮೊದಮೊದಲು ನಾನು ಪಠ್ಯಪುಸ್ತಕದ ಕನ್ನಡದಲ್ಲಿ ಹೇಳುತ್ತಿದ್ದೆ. ‘ತಾವು ಯಾವಾಗ ಆಗಮಿಸಿದಿರಿ’ ಎಂದು ಜಪಾನಿನ ಮುದುಕನೊಬ್ಬ ಕೇಳಿದಾಗ ಆಯಿ ನನ್ನನ್ನು ನೋಡಿ, “ರೇಡಿಯೋದಾಗ ಸುದ್ದಿ ಓದಾಂವೇನು ಇಂವ?” ಎಂದಳು. ಅಂದಿನಿಂದ ಜಪಾನಿನ ಮುದುಕರು “ಯಾವಾಗ ಬಂದ್ರಿ? ಬರ್ರಿ, ಕುಂಡ್ರಿ, ಚಾ ಕುಡೀರಿ” ಎನ್ನತೊಡಗಿದರು. ನನಗೆ ತೊಡಕಾಗುತ್ತಿದ್ದುದು ಪ್ರೇಮದ ದೃಶ್ಯಗಳಲ್ಲಿ. ಪಕ್ಕದಲ್ಲೇ ಅಪ್ಪ ಕುಳಿತಿರುತ್ತಿದ್ದರು. ನಾನು, “ಇಬ್ಬರೂ ಮಾತಾಡಾಕತ್ತಾರ” ಎಂದು ಹೇಳಿ ಸುಮ್ಮನಾಗುತ್ತಿದ್ದೆ.

“ಏನ್ ಮಾತಾಡಾಕತ್ತಾರ?”

“ಊರಿನ ವಿಷಯ.”

“ಇಷ್ಟು ಹತ್ರ ಕುಂತು?” ಎನ್ನುವಳು ಆಯಿ. “ಕಿವಿ ಮಂದ ಇರಬೇಕು ಪಾಪ.”

ಸಿನಿಮಾ ತೋರಿಸುವ ಮನೆಯ ಗುಣವೂ ಸಿನಿಮಾಕ್ಕೆ ಅಂಟಿಕೊಳ್ಳುತ್ತಿತ್ತು. ದೊಡ್ಡವ್ವನ ಮನೆ ಶಿಗ್ಗಾಂವದ ಹೆದ್ದಾರಿಗೆ ಹತ್ತಿರ. ಅಲ್ಲಿ ಯಾವ ದೇಶದ ಸಿನಿಮಾ ಹಾಕಿದರೂ ಹಿಂದೆ ಲಾರಿಗಳ ಸದ್ದು ಇದ್ದೇ ಇರುತ್ತಿತ್ತು. ಇರಾನಿನ ಗುಡ್ಡಗಳಲ್ಲಿ ಹಗಲೆಲ್ಲ ಲಾರಿ ಓಡುತ್ತವೆ ಎಂದು ಆಯಿ ಇಂದಿಗೂ ನಂಬಿದ್ದಾಳೆ. ಹಿರೇಕೆರೂರಿನಲ್ಲಿ ಕೊನೆಯ ಭಾಗಕ್ಕೆ ಸರಿಯಾಗಿ ಕರೆಂಟು ಹೋಗುತ್ತಿತ್ತು. ಆಗ ಚಿಗವ್ವ ತಾನೇ ಮುಂದಿನ ಕತೆ ಹೇಳಿ ಮುಗಿಸುತ್ತಿದ್ದಳು. ಅವಳ ಎಲ್ಲ ಸಿನಿಮಾಗಳ ಕೊನೆಯಲ್ಲೂ ಅತ್ತೆ ಸೊಸೆಯ ಕ್ಷಮೆ ಕೇಳುತ್ತಾಳೆ.

ಆಯಿಯ ವಿಮರ್ಶೆ ಕುಟ್ಟಾಣಿಯಲ್ಲಿತ್ತು. ಸಿನಿಮಾ ಬೇಸರ ಬಂದರೆ ಎಲೆ ಕುಟ್ಟಲು ತೊಡಗುವಳು. ಟಕ್ ಟಕ್ ಶುರುವಾಯಿತೆಂದರೆ ಆ ಸಿನಿಮಾ ತಂದ ಮನೆಯವರ ಮುಖ ಬಾಡುತ್ತಿತ್ತು. ಟಕ್ ಟಕ್ ನಿಂತರೆ ಅವರು ಉಳಿದವರ ಕಡೆ ಹೆಮ್ಮೆಯಿಂದ ನೋಡುತ್ತಿದ್ದರು. ಲಂಚವೂ ಇತ್ತು. ಮಾಮಾ ಸವಣೂರಿನ ಎಳೆ ಎಲೆ ತಂದು ಮುಂದಿಡುತ್ತಿದ್ದರು. ಅಪ್ಪ ಹಾನಗಲ್ ಪೇಟೆಯ ಒಳ್ಳೆಯ ಅಡಿಕೆ ಆರಿಸಿ ತರುತ್ತಿದ್ದರು. ಆಯಿ ಎಲ್ಲರದನ್ನೂ ತೆಗೆದುಕೊಂಡು, ಎಲ್ಲವನ್ನೂ ಸೇರಿಸಿ ಕುಟ್ಟಿ, ತನಗೆ ತಿಳಿದಂತೆ ತೀರ್ಪು ಕೊಡುತ್ತಿದ್ದಳು.

ತೀರ್ಪು ಬನ್ನಿ ಕೊಡುವ ಸಂಜೆ. ಮಕ್ಕಳು ಮೊಮ್ಮಕ್ಕಳೆಲ್ಲ ಸಾಲಾಗಿ ಬಂದು ಬನ್ನಿ ಕೊಟ್ಟು, ಬಂಗಾರದ ಹಾಗೆ ಇರೋಣ ಎಂದು ಕಾಲಿಗೆ ಬೀಳುತ್ತೇವೆ. ಆಯಿ ಎಲ್ಲರ ಬನ್ನಿಯನ್ನೂ ಸೆರಗಿನಲ್ಲಿ ಹಾಕಿಕೊಂಡು, ಗೆದ್ದ ಮನೆಯ ಬನ್ನಿಯನ್ನು ಮಾತ್ರ ಕುಟ್ಟಾಣಿಯೊಳಗೆ ಬಿಡುತ್ತಾಳೆ. ಅಷ್ಟೇ. ಭಾಷಣವಿಲ್ಲ, ಕಾರಣ ಹೇಳುವುದಿಲ್ಲ.

ಒಮ್ಮೆ ಒಂದು ಆಕಳು ಬರುವ ಸಿನಿಮಾ ಗೆದ್ದಿತು. ಮುಂದಿನ ವರ್ಷ ನಾಲ್ಕೂ ಮನೆಯಿಂದ ಆಕಳು ಬಂದವು. ಒಂದರಲ್ಲಂತೂ ಆಕಳೇ ಮುಖ್ಯಪಾತ್ರ, ಕೊನೆಯಲ್ಲಿ ಅದು ಸಾಯುತ್ತದೆ. ಆಯಿ ಎದ್ದು ಹೋಗಿ ಕೈಕಾಲು ತೊಳೆದುಕೊಂಡು ಬಂದು, “ಯಾರಿಗೂ ಇಲ್ಲ ಈ ವರ್ಷ” ಎಂದು ತಾನಿದ್ದಲ್ಲೇ ಉಳಿದಳು. ಇದನ್ನು ನೋಡಿದ ಮೇಲೆ ನನಗೆ ನಮ್ಮ ದೇಶದ ಕಮಿಟಿಯವರ ಮೇಲೆ ಸಿಟ್ಟು ಬರುವುದಿಲ್ಲ. ಅವರೂ ಪಾಪ, ದೂರದಲ್ಲಿ ಕುಳಿತ ಯಾರದೋ ರುಚಿಯನ್ನು ಊಹಿಸುತ್ತಿರುತ್ತಾರೆ. ಹೋದ ಸಲ ಹಾಡಿನದನ್ನು ಕಳಿಸಿ ಆಗಲಿಲ್ಲ ಎಂದು ಈ ಸಲ ಹಾಡಿಲ್ಲದ್ದು, ಸದ್ದಿನದು ಸಾಗಲಿಲ್ಲ ಎಂದು ಸದ್ದಿಲ್ಲದ್ದು. ದೇಶ ಕೆಲವು ಸಲ ಹೊಸ್ತಿಲ ತನಕ ಹೋಗಿ ಬಂದಿದೆ, ಒಳಗೆ ಹೋಗಿಲ್ಲ. ನಮ್ಮ ಕುಟುಂಬದಲ್ಲಿ ಆ ಸ್ಥಾನ ಹಾನಗಲ್ಲಿನದು. ಶಿಗ್ಗಾಂವ ಗೆದ್ದಿದೆ, ಸವಣೂರು ಗೆದ್ದಿದೆ, ಹಿರೇಕೆರೂರು ಕರೆಂಟಿಲ್ಲದೆಯೂ ಗೆದ್ದಿದೆ. ನಾವು ಒಮ್ಮೆಯೂ ಗೆದ್ದಿಲ್ಲ. ನಾಲ್ಕು ಸಿನಿಮಾಗಳನ್ನೂ ಆಯಿಯ ಕಿವಿಗೆ ಮುಟ್ಟಿಸಿದ ಹುಡುಗಿಯ ಮನೆಗೆ ಆಯಿ ಒಂದು ವರ್ಷವೂ ಇರಲು ಬಂದಿಲ್ಲ.

ಈ ವರ್ಷ ನನಗೆ ಅದು ಬೇಕಾಗಿತ್ತು. ಬೇಕಾಗಿತ್ತು ಎಂದು ಮನೆಯಲ್ಲಿ ಯಾರಿಗೂ ಹೇಳಿರಲಿಲ್ಲ.

ಕಾರಣ ಸಣ್ಣದು. ಧಾರವಾಡದಲ್ಲಿ ಎಂ.ಎ. ಮುಗಿಸಿ ಬಂದು ಜೂನ್ ಸುಮಾರಿಗೆ ಇಲ್ಲಿ ಇಂಗ್ಲಿಷ್ ಪಾಠ ಹೇಳಲು ಸೇರಿದ್ದೆ. ಪಾಠದ ತಯಾರಿಯಲ್ಲಿ ನಾನು ಯಾರಿಗೂ ಕಡಿಮೆಯಿಲ್ಲ. ಆದರೆ ತರಗತಿಯಲ್ಲಿ ನಿಂತು ಬಾಯಿ ತೆರೆದರೆ ಮಾತು ಎರಡನೆಯ ಬೆಂಚು ದಾಟುವುದಿಲ್ಲ. “ಕೇಳಸವಲ್ದ್ರಿ ಮೇಡಂ” ಎಂದು ಹಿಂದಿನಿಂದ ಒಂದು ದನಿ. “ಸೌಂಡ್ ಇಲ್ರಿ, ಬರೇ ಪಿಕ್ಚರ್” ಎಂದು ಇನ್ನೊಂದು. ಎಲ್ಲರೂ ನಗುತ್ತಾರೆ. ಕೆಟ್ಟ ಹುಡುಗರಲ್ಲ, ಪರೀಕ್ಷೆಯ ಭಯ ಅವರಿಗೂ ಇದೆ. ನಾನು ಗಂಟಲು ಬಿಗಿಹಿಡಿದು ಜೋರು ಮಾಡಿದರೆ ದನಿ ಒಡೆಯುತ್ತದೆ, ನಗು ಇನ್ನೂ ಹೆಚ್ಚಾಗುತ್ತದೆ. ಪ್ರಿನ್ಸಿಪಾಲರು ಒಮ್ಮೆ ಬಾಗಿಲಲ್ಲಿ ನಿಂತು ಹೋದರು. ಮುಂದಿನ ವರ್ಷಕ್ಕೆ ನನ್ನನ್ನು ಇಟ್ಟುಕೊಳ್ಳುವುದು ಬಿಡುವುದು ಅವರ ಕೈಯಲ್ಲಿತ್ತು. ಮನೆಯಲ್ಲಿ ಕೇಳಿದರೆ “ಆರಾಮ ನಡೆದೈತಿ” ಎನ್ನುತ್ತಿದ್ದೆ. ನಮ್ಮ ಮನೆಯಲ್ಲಿ ಎಲ್ಲರೂ ಹಾಗೆಯೇ. ಅಪ್ಪನಿಗೆ ಹಲ್ಲುನೋವು ಬಂದದ್ದು ನಮಗೆ ಗೊತ್ತಾಗುವುದು ಹಲ್ಲು ಕೀಳಿಸಿಕೊಂಡು ಬಂದ ಮೇಲೆ. ನನ್ನ ಮಾತು ತಡವರಿಸದೆ ಹರಿಯುತ್ತಿದ್ದ ಜಾಗ ಜಗತ್ತಿನಲ್ಲಿ ಒಂದೇ, ಆಯಿಯ ಕಿವಿಯ ಪಕ್ಕ. ಆ ಜಾಗ ಒಂದು ವರ್ಷ ಮನೆಯಲ್ಲೇ ಇದ್ದರೆ ಎಂದು ನನ್ನ ಆಸೆ.

ಹಾಗಾಗಿ ಈ ಸಲ ನಾನು ಶಾಸ್ತ್ರೀಯವಾಗಿ ಕುಳಿತೆ. ಇದುವರೆಗೆ ಗೆದ್ದ ಸಿನಿಮಾಗಳಲ್ಲಿ ಸಮಾನವಾದದ್ದೇನು ಎಂದು ಯೋಚಿಸಿದೆ. ಆಕಳು ಒಂದರಲ್ಲಿ ಮಾತ್ರ. ಮಗು ಎರಡರಲ್ಲಿ. ಒಂದರಲ್ಲಂತೂ ಮನುಷ್ಯನೊಬ್ಬ ಬರಿಯ ಮರಳಿನಲ್ಲಿ ನಡೆಯುತ್ತಲೇ ಇರುತ್ತಾನೆ. ಅವ್ವ ಅಡುಗೆ ಮನೆಯಲ್ಲಿ ಹಾಗಲಕಾಯಿ ಹೆಚ್ಚುತ್ತಿದ್ದಳು. ಕೇಳಿದೆ, “ಆ ಮರಳಿನ್ಯಾಗ ನಡಿಯಾಂವಂದು ಯಾವ ವರ್ಷ ಗೆದ್ದಿದ್ದು?”

“ಅದೇ ನಿಮ್ಮ ದೊಡ್ಡವ್ವ ಮಾಳಗಿ ಮೆಟ್ಟಿಲದಾಗ ಬಿದ್ದು ಕಾಲಿಗೆ ಪ್ಲಾಸ್ಟರ್ ಹಾಕ್ಕೊಂಡಿದ್ದಳಲ್ಲ, ಆ ವರ್ಷ.”

“ಆಕಳದು?”

“ನಿಮ್ಮ ಚಿಗವ್ವಗ ಅವಳಿ ಹುಟ್ಟಿದ್ವಲ್ಲ, ಆಗ. ಹೋದ ವರ್ಷದ್ದು ಗೊತ್ತಲ್ಲ, ರಸ್ತೆ ಅಗಲ ಮಾಡಿ ನಿಮ್ಮ ಮಾಮಾನ ಅಂಗಡಿ ಕೆಡವಿದಾಗ. ಹೊಸಾ ಅಂಗಡಿ ಮುಂದಿನ ಕಟ್ಟಿ ಮ್ಯಾಲೆ ಆಯಿ ಕುಂತದ್ದು ನೋಡೇ ಹಳೇ ಗಿರಾಕಿ ಗುರುತು ಹಿಡಿದು ಬಂದ್ರು.”

ಅವ್ವ ಹಾಗಲಕಾಯಿ ಹೆಚ್ಚುತ್ತಲೇ ಇದ್ದಳು. ತಾನು ಏನು ಹೇಳಿದೆ ಎಂದು ಅವಳಿಗೆ ಗೊತ್ತಾಗಲಿಲ್ಲ. ನನಗೆ ನೆನಪಾಯಿತು: ಆ ಮರಳಿನ ಸಿನಿಮಾ ನಡೆದಷ್ಟು ಹೊತ್ತೂ ಆಯಿ ಟಕ್ ಟಕ್ ಕುಟ್ಟುತ್ತಲೇ ಇದ್ದಳು, ಆದರೂ ಅದು ಗೆದ್ದಿತ್ತು. ಇಷ್ಟು ವರ್ಷ ಸಿನಿಮಾಗಳನ್ನು ನೋಡಿದವರು ನಾವು. ಆಯಿ ಸಿನಿಮಾ ತಂದವರ ಮುಖಗಳನ್ನು ನೋಡುತ್ತಿದ್ದಳು. ಯಾರ ಮನೆಯಲ್ಲಿ ಎರಡು ಕೈ ಹೆಚ್ಚಿಗೆ ಬೇಕೋ ಆ ಮನೆಯ ಸಿನಿಮಾ ಆ ವರ್ಷ ಉತ್ತಮ ಸಿನಿಮಾ. ಉಳಿದವರು ಮುನಿಸಿಕೊಳ್ಳುವಂತಿಲ್ಲ, ಮುನಿದರೆ ಆ ಸಿನಿಮಾ ಮಾಡಿದ ಜಪಾನಿನವನ ಮೇಲೆ ಮುನಿಯಬೇಕು. ನಾವೋ, ‘ಆರಾಮ ನಡೆದೈತಿ’ ಮನೆಯವರು. ನಮಗೆ ಯಾಕೆ ಕೊಟ್ಟಾಳು?

ಗುಟ್ಟು ತಿಳಿದ ಮೇಲೆ ಮಾಡಬೇಕಾದದ್ದು ಸುಲಭ. ಆಯಿಗೊಂದು ಫೋನ್ ಮಾಡಿ ನನಗೆ ಹೀಗೆ ಹೀಗೆ ಆಗಿದೆ, ಬಾ ಎನ್ನಬೇಕು. ನಾನು ಫೋನ್ ಮಾಡಿದೆ. ಮಳೆ ಹೇಗಿದೆ ಎಂದು ಕೇಳಿ ಇಟ್ಟೆ.

ಆಮೇಲೆ ಗೆಲ್ಲುವ ಲೆಕ್ಕ ಬಿಟ್ಟು ನನಗೆ ಹಿಡಿಸಿದ್ದನ್ನೇ ಆರಿಸಿದೆ. ಹಿಮ ಬೀಳುವ ಯಾವುದೋ ದೇಶ. ಸಣ್ಣ ರೈಲು ನಿಲ್ದಾಣ. ದೂರದ ಊರಿಗೆ ಕೆಲಸಕ್ಕೆ ಹೋಗುವ ಹುಡುಗಿಯನ್ನು ಬೀಳ್ಕೊಡಲು ಅವಳ ಅಜ್ಜಿ ಬಂದಿದ್ದಾಳೆ. ರೈಲು ತಡ. ಇಬ್ಬರೂ ಬೆಂಚಿನ ಮೇಲೆ ಕುಳಿತು ಕಾಯುತ್ತಾರೆ, ಅದೇ ಸಿನಿಮಾ. ಹುಡುಗಿಗೆ ಅಜ್ಜಿಯನ್ನು ಕರೆದುಕೊಂಡು ಹೋಗಬೇಕೆಂದಿದೆ, ಹೇಳಲು ಬಾಯಿ ಬರುವುದಿಲ್ಲ. ಮಾತು ಬಹಳ ಕಡಿಮೆ. ಓದುವ ಶ್ರಮವೂ ಉಳಿಯಿತು ಎಂದುಕೊಂಡೆ.

ಈ ಸಲ ಸೇರಿದ್ದು ಸವಣೂರಿನಲ್ಲಿ. ನಮ್ಮ ಸರದಿ ಬನ್ನಿಯ ಹಿಂದಿನ ದಿನ ಮಧ್ಯಾಹ್ನ ಬಂತು. ಕಿಟಕಿಗೆ ಚಾದರ ಕಟ್ಟಿ ಕತ್ತಲೆ ಮಾಡಿದರು. ನಾನು ಎಂದಿನ ಜಾಗದಲ್ಲಿ ಆಯಿಯ ಕಿವಿಯ ಹತ್ತಿರ. ಶುರುವಿನಲ್ಲಿ ಟಕ್ ಟಕ್ ನಡೆದಿತ್ತು. ಅಜ್ಜಿ ತನ್ನ ಚೀಲದಿಂದ ರೊಟ್ಟಿ ತೆಗೆದು ಹುಡುಗಿಗೆ ಮುರಿದು ಕೊಟ್ಟಾಗ ಟಕ್ ಟಕ್ ನಿಂತಿತು. ಮಾಮಾ ತಿರುಗಿ ನೋಡಿದರು. ಆಮೇಲೆ ಒಂದು ದೀರ್ಘ ದೃಶ್ಯ. ಹಿಮ ಬೀಳುತ್ತಿದೆ. ಹುಡುಗಿ ಅಜ್ಜಿಯನ್ನು ನೋಡುತ್ತಾಳೆ, ಅಜ್ಜಿ ಹಳಿಗಳನ್ನು ನೋಡುತ್ತಾಳೆ. ಚಿಗವ್ವನ ಅವಳಿಗಳೂ ತೆರೆಯನ್ನೇ ನೋಡುತ್ತಿದ್ದರು. ಆಗ ನನಗೇನಾಯಿತೋ, ಎಂದಿನ ಓದುವ ದನಿಯಲ್ಲೇ ಹೇಳಿಬಿಟ್ಟೆ:

“ನನ್ನ ಮಾತು ಅಲ್ಲೆ ಯಾರಿಗೂ ಕೇಳಸವಲ್ದು. ಈ ವರ್ಷ ನೀ ನಮ್ಮನಿಗೆ ಬಾ.”

ಆಯಿ ತೆರೆಯಿಂದ ಕಣ್ಣು ತೆಗೆಯಲಿಲ್ಲ. “ಯಾರು ಅಂದದ್ದು ಇದನ್ನ?”

“ಆ ಹುಡುಗಿ.”

“ಆಕಿ ತುಟಿ ಅಳ್ಳಾಡಲಿಲ್ಲಲ್ಲ?”

“ಮನಸಿನ್ಯಾಗ ಅಂದ್ಕೋತಾಳ, ಆಯಿ.”

“ಕೆಳಗ ಅಕ್ಷರನೂ ಬರಲಿಲ್ಲ,” ಎಂದಳು ಆಯಿ. ಒಂದಕ್ಷರ ಇಂಗ್ಲಿಷ್ ಬರದವಳು. “ಅಕ್ಷರ ಬಂದಾಗ ಬೆಳ್ಳಗ ಕಾಣತೈತಿ. ಈಗ ಬರೇ ಹಿಮ ಬಿದ್ದದ್ದು.”

ಚಿಗವ್ವನ ಗಂಡ ಟಿ.ವಿ. ನಿಲ್ಲಿಸಿದ. ಹಿಮ ಅಲ್ಲಲ್ಲೇ ನಿಂತಿತು. ಮಾಮಾ ಎದ್ದು ನಿಂತು, “ಅನರ್ಹ! ಹಾನಗಲ್ ಅನರ್ಹ! ಇಲ್ಲದ ಡೈಲಾಗ್ ಸೇರಿಸ್ಯಾಳ” ಎಂದರು. ಅವರ ದನಿಯಲ್ಲಿ ತಾವು ಹಿಂದಿಯಲ್ಲಿ ಬಿದ್ದ ವರ್ಷದ ಸಂಕಟವೆಲ್ಲ ಇತ್ತು. ಚಿಗವ್ವ, “ಹಂಗಾರ ಇಷ್ಟು ವರ್ಷ ನಮ್ಮ ಸಿನಿಮಾದಾಗ ಏನೇನು ಸೇರಿಸಿದಿ, ಏನೇನು ಬಿಟ್ಟಿ ಕೂಸ?” ಎಂದು ಕೇಳಿದಳು. ಬಿಟ್ಟದ್ದರ ಬಗ್ಗೆ ಅಪ್ಪನ ಎದುರು ಹೇಳುವಂತಿರಲಿಲ್ಲ. ಅವ್ವ ನನ್ನನ್ನೇ ನೋಡುತ್ತಿದ್ದಳು. “ಯಾರಿಗೆ ಕೇಳಸವಲ್ದು?” ಎಂದಳು ಮೆಲ್ಲಗೆ. ನಾನು ಚಾದರ ಬಿಚ್ಚುವ ನೆಪದಲ್ಲಿ ಕಿಟಕಿಯ ಕಡೆ ಹೋದೆ. ಕುಟ್ಟಾಣಿ ಮತ್ತೆ ಟಕ್ ಟಕ್ ಎನ್ನತೊಡಗಿತು. ಸಿನಿಮಾ ಅಲ್ಲಿಗೆ ಮುಗಿಯಿತು, ರೈಲು ಬರಲೇ ಇಲ್ಲ.

ಮರುದಿನ ಸಂಜೆ ಎಲ್ಲರೂ ಬನ್ನಿ ಕೊಟ್ಟೆವು. ಆಯಿ ಚಿಗವ್ವನ ಬನ್ನಿಯನ್ನು ಕುಟ್ಟಾಣಿಯಲ್ಲಿ ಬಿಟ್ಟಳು. ಹಿರೇಕೆರೂರು ಗೆದ್ದಿತು. ಅವರದು ಮೀನುಗಾರರ ಸಿನಿಮಾ, ನಿಜಕ್ಕೂ ಚೆನ್ನಾಗಿತ್ತು. ನಾನು ಕಾಲಿಗೆ ಬಿದ್ದಾಗ ಆಯಿ ನನ್ನ ಬನ್ನಿಯನ್ನು ಸೆರಗಿನ ತುದಿಗೆ ಗಂಟು ಹಾಕಿಕೊಂಡಳು.

ಬೆಳಿಗ್ಗೆ ಚಿಗವ್ವ ಕುಟ್ಟಾಣಿಯನ್ನು ಅರಿವೆಯಲ್ಲಿ ಸುತ್ತಿ ಆಯಿಯ ಬಟ್ಟೆಯ ಗಂಟು ಹುಡುಕಿದಳು. ಗಂಟು ನಮ್ಮ ಚೀಲಗಳ ಪಕ್ಕದಲ್ಲಿತ್ತು.

“ಯವ್ವಾ, ಗೆದ್ದಾಕಿ ನಾನು!”

“ಗೆದ್ದಿ. ಕುಟ್ಟಾಣಿ ಒಯ್ಯಿ.”

“ಮತ್ತ ನೀನು?”

“ಕುಟ್ಟಾಣಿ ಪ್ರಶಸ್ತಿ. ನಾ ಏನು ಪ್ರಶಸ್ತಿಯೇನು?” ಎಂದಳು ಆಯಿ. ಇಷ್ಟು ವರ್ಷ ಪ್ರಶಸ್ತಿಯಾಗಿ ಊರೂರು ತಿರುಗಿದವಳು ಅದನ್ನು ಬಹಳ ಸಹಜವಾಗಿ ಹೇಳಿದಳು. “ಎಲ್ಲಾರೂ ನಂದು ಹಕ್ಕು, ನಂದು ಪಾಳಿ ಅಂದವರ. ಬಾ ಅಂತ ಬಾಯಿಬಿಟ್ಟು ಕರೆದಾಕಿ ಇಕಿ ಒಬ್ಬಾಕಿ. ಅದೂ ಕಳ್ಳತನದಿಂದ.”

“ಕುಟ್ಟಾಣಿ ಇಲ್ಲದ ಎಲಿ ಹೆಂಗ ಹಾಕ್ಕೋತೀಯಬೇ?” ಎಂದು ಮಾಮಾ ಕೊನೆಯ ಪಟ್ಟು ಹಾಕಿದರು.

“ಇವರ ಮನ್ಯಾಗ ಚಾಕ್ಕ ಯಾಲಕ್ಕಿ ಕುಟ್ಟೂ ಕಲ್ಲು ಐತಲ್ಲ, ಸಾಕು.”

“ಚಾ ಎಲ್ಲಾ ಅಡಿಕಿ ವಾಸನಿ ಬರತೈತಿ,” ಎಂದಳು ಅವ್ವ.

“ಬರಲಿ. ನನ್ನ ಎಲಿಗೆ ಯಾಲಕ್ಕಿ ವಾಸನಿ ಬರತೈತಿ.”

ಹಾನಗಲ್ ಬಸ್ಸು ತುಂಬಿತ್ತು. ದಸರೆ ಮುಗಿಸಿ ಮರಳುವವರು, ಚೀಲ, ಬುಟ್ಟಿ, ಬಾಡಿದ ಚೆಂಡುಹೂವಿನ ಹಾರ. ಅಪ್ಪ, ಅವ್ವ ಎರಡು ಸೀಟು ಮುಂದೆ. ನಾನು ಮತ್ತು ಆಯಿ ನಡುವಿನಲ್ಲಿ, ಸರಿಯಾಗಿ ಗಾಲಿಯ ಮೇಲೆ. ಬಂಕಾಪುರ ದಾಟಿದ ಮೇಲೆ ರಸ್ತೆ ಕೆಟ್ಟಿತು. ಇಂಜಿನ್ ಗುಡುಗುತ್ತಿತ್ತು, ಕಿಟಕಿಯ ಗಾಜುಗಳು ಒಂದಕ್ಕೊಂದು ಬಡಿಯುತ್ತಿದ್ದವು. ಆಯಿ ನನ್ನ ಮೊಣಕೈ ತಿವಿದಳು.

“ಆ ಮುದುಕಿದು ಮುಂದೇನಾತು?”

ನಾನು ಅವಳ ಕಿವಿಗೆ ಬಾಗಿ ಹೇಳಿದೆ. “ಕೇಳಸವಲ್ದು,” ಎಂದಳು. ಇನ್ನೂ ಬಾಗಿ ಹೇಳಿದೆ. “ಕೇಳಸವಲ್ದು ಕೂಸ, ಬಸ್ಸಿಗಿಂತ ಜೋರ ಹೇಳು.” ಬಸ್ಸಿಗಿಂತ ಜೋರಾಗಿ ನಾನು ಜೀವನದಲ್ಲಿ ಏನನ್ನೂ ಹೇಳಿದವಳಲ್ಲ. ಆದರೆ ಆಯಿ ಕಾಯುತ್ತಿದ್ದಳು. ಹೇಳಿದೆ. ಹಿಮ ನಿಂತಿತು, ದೂರದಲ್ಲಿ ಸಿಳ್ಳೆ ಕೇಳಿತು, ಅಜ್ಜಿ ತನ್ನ ಕೊರಳ ಉಣ್ಣೆಯ ಅರಿವೆ ತೆಗೆದು ಹುಡುಗಿಯ ಕೊರಳಿಗೆ ಸುತ್ತಿದಳು. ಮುಂದಿನ ಸೀಟಿನ ಹೆಂಗಸು ತಿರುಗಿ ಕುಳಿತಳು. ಅವಳ ತೊಡೆಯ ಮೇಲೆ ಒಂದು ಕೋಳಿಬುಟ್ಟಿ. ಅವ್ವ ತಿರುಗಿದಳು. ಟಿಕೆಟ್ ಮುಗಿಸಿ ಕಂಬಿಗೆ ಒರಗಿದ್ದ ಕಂಡಕ್ಟರ್, “ಹಿಂದಿನವರಿಗೂ ಕೇಳೂ ಹಂಗ ಹೇಳ್ರಿ ಮೇಡಂ, ಅರ್ಧಾ ಕೇಳಿ ಬಿಡಾಕ ಆಗಂಗಿಲ್ಲ” ಎಂದ. ನನ್ನ ದನಿ ಒಡೆಯಲಿಲ್ಲ. ಎಲ್ಲಿಂದ ಬಂತೋ, ಹೊಟ್ಟೆಯಿಂದ ಬಂದ ಹಾಗಿತ್ತು. ರೈಲು ಬಂತು ಎಂದೆ. ನಿಲ್ದಾಣವೆಲ್ಲ ಹೊಗೆ ತುಂಬಿತು ಎಂದೆ. ಹೊಗೆ ಹೋದ ಮೇಲೆ ನೋಡಿದರೆ ಬೆಂಚು ಖಾಲಿ ಇತ್ತು ಎಂದೆ.

“ಹತ್ತಿದಳೇನ್ರಿ ಮುದುಕಿ?” ಎಂದಳು ಕೋಳಿಬುಟ್ಟಿಯವಳು. “ಇಲ್ಲಾ ಮನಿಗೆ ಹೋದಳೇನು?”

ಸಿನಿಮಾದಲ್ಲಿ ಅದನ್ನು ತೋರಿಸುವುದಿಲ್ಲ. ಖಾಲಿ ಬೆಂಚಿಗೆ ಮುಗಿಯುತ್ತದೆ. ನಿರ್ದೇಶಕ ಅದನ್ನು ಬೇಕೆಂದೇ ಬಿಟ್ಟಿದ್ದಾನೆ ಎಂದು ನಾನು ಧಾರವಾಡದಲ್ಲಾಗಿದ್ದರೆ ಎರಡು ಪುಟ ಬರೆಯುತ್ತಿದ್ದೆ. ಕಂಡಕ್ಟರ್ ಕಾಯುತ್ತಿದ್ದ. ಅವ್ವ ಕಾಯುತ್ತಿದ್ದಳು.

“ಹತ್ತಿದಳು,” ಎಂದೆ.

ಬಸ್ಸಿನ ಹಿಂದಿನ ಸಾಲಿನಿಂದ ಯಾರೋ “ಚೊಲೊ ಆತು ಬಿಡ್ರಿ” ಎಂದರು. ಕೋಳಿಬುಟ್ಟಿಯವಳು ಸಮಾಧಾನದಿಂದ ಮುಂದಕ್ಕೆ ತಿರುಗಿದಳು. ಆಯಿ ಮಾತ್ರ ನನ್ನ ತುಟಿಗಳನ್ನೇ ನೋಡುತ್ತಿದ್ದಳು.

“ಹಂಗಂತ ಅಲ್ಲೆ ಬರೆದಿತ್ತೇನು?”

“ಇಲ್ಲ ಆಯಿ,” ಎಂದೆ, ಬಸ್ಸಿಗಿಂತ ಜೋರಾಗಿ. “ನಾ ಹೇಳಾಕತ್ತೇನಿ.”

“ಹಂಗಾರ ಖರೇ ಇರಬೇಕು,” ಎಂದು ಆಯಿ ಸೆರಗಿನ ಗಂಟು ಬಿಚ್ಚಿ, ಬನ್ನಿಯ ಪಕ್ಕದಲ್ಲಿದ್ದ ಅಡಿಕೆ ಚೂರೊಂದನ್ನು ತೆಗೆದು, ಕುಟ್ಟದೆಯೇ ಬಾಯಿಗೆ ಹಾಕಿಕೊಂಡಳು.